ಸೇತುವೆಯ ಮೇಲೊಂದು ತೂಕದ ಪೆಟ್ಟಿಗೆ

ಚುನಾವಣೆ ಹತ್ತಿರ ಬಂದರೆ ನಮ್ಮೂರಿನ ಹೊಳೆದಡಕ್ಕೆ ಪೇಪರು ಎತ್ತಿನ ಗಾಡಿಯಲ್ಲಿ ಬರುತ್ತದೆ. ಉಳಿದ ದಿನ ನನ್ನ ಸೈಕಲ್ಲೇ ಸಾಕು, ಆದರೂ ಹೊಸ ಮೊಬೈಲು ಬಿಡುಗಡೆಯಾದ ಮಾರನೆಯ ದಿನ ಹಿಂದಿನ ಚಕ್ರ ರಿಮ್ಮಿನ ತನಕ ಕೂತುಬಿಡುತ್ತದೆ. ಹವಾಮಾನದ ಕಾಲಂ ಪರವಾಗಿಲ್ಲ. ಮಳೆ ಬಂದರೂ ಬರಬಹುದು ಎಂದಷ್ಟೇ ಹೇಳಿ ಸುಮ್ಮನಾಗುವುದರಿಂದ ಅದು ಗರಿಯಷ್ಟು ಹಗುರ. ಶ್ರದ್ಧಾಂಜಲಿಯ ಪುಟವೂ ಹಗುರವಿರಬೇಕು ಅನ್ನಿಸುತ್ತದೆ, ಹಾಗೇನಿಲ್ಲ. ಸತ್ತವರೆಲ್ಲ ಸರಳ ಸಜ್ಜನರೂ ಕೊಡುಗೈ ದಾನಿಗಳೂ ಆಗಿಬಿಡುವುದರಿಂದ ಅದನ್ನು ಎರಡು ಕೈಯಲ್ಲಿ ಎತ್ತಬೇಕು. ಎಲ್ಲಕ್ಕಿಂತ ಭಾರ ತಂತ್ರಜ್ಞಾನದ ಪುಟ. ಒಂದು ತೊಟ್ಟು ರಕ್ತ ತೆಗೆಯದೆ ಮೈಯೊಳಗಿನ ರೋಗವನ್ನೆಲ್ಲ ಪತ್ತೆ ಹಚ್ಚುವ ಕೈಗಡಿಯಾರ ಬಂದಿದೆ ಎಂಬ ಸುದ್ದಿಯನ್ನು ಸೈಕಲ್ಲಿಗೆ ಏರಿಸಲು ಹೋಗಿ ನಾನು ಸೊಂಟ ಹಿಡಿಸಿಕೊಂಡು ಮಲಗಿದ್ದೆ. ಆ ಗಡಿಯಾರಕ್ಕೆ ನನ್ನ ಸೊಂಟವಂತೂ ಪತ್ತೆಯಾಗಲಿಲ್ಲ.

ನಾನು ದಾಕ್ಷಾಯಿಣಿ, ಊರಿನ ಪೇಪರ್ ಏಜೆಂಟ್. ಬೆಳಿಗ್ಗೆ ಪೇಪರು, ಹಗಲೆಲ್ಲ ಹೊಲಿಗೆ ಮಷೀನು, ಸಂಜೆ ಮಗಳು ಮೇದಿನಿಯ ಹೋಂವರ್ಕು. ಗಂಡ ಲಾರಿ ಓಡಿಸುತ್ತಾನೆ, ಊರಿಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮನೆಯಲ್ಲಿ ಇನ್ನೊಬ್ಬರೆಂದರೆ ನನ್ನ ಅತ್ತೆ ಪುಟ್ಟತಾಯಮ್ಮ. ಅವರು ಒಬ್ಬರೇ ನಾಲ್ಕು ಜನಕ್ಕಾಗುವಷ್ಟು ಮಾತಾಡುವುದರಿಂದ ಮನೆ ಖಾಲಿ ಅನ್ನಿಸುವುದಿಲ್ಲ.

ನಮ್ಮೂರಿನಲ್ಲಿ ಅಚ್ಚಾದದ್ದಕ್ಕೆ, ಬರೆದದ್ದಕ್ಕೆ, ಯಂತ್ರ ನುಡಿದದ್ದಕ್ಕೆ ಭಾರವಿದೆ. ಹೇಳಿದ್ದಕ್ಕೂ ಇರುವುದಕ್ಕೂ ಎಷ್ಟು ಅಂತರವೋ ಅಷ್ಟು ಭಾರ. ಬಾಯಿಮಾತಿಗೆ ಮಾತ್ರ ಇಲ್ಲ, ಸದ್ಯ. ಇದ್ದಿದ್ದರೆ ಊರಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ, ಪುರಸಭೆಯ ಕಟ್ಟಡ ಎಂದೋ ನೆಲದೊಳಕ್ಕೆ ಇಳಿದುಹೋಗುತ್ತಿತ್ತು. ಹೀಗಾಗಿ ನಮ್ಮ ಭಾಷೆಯೂ ಸ್ವಲ್ಪ ತಿರುವುಮುರುವು. ಬೇರೆ ಕಡೆ ದೊಡ್ಡವರನ್ನು ಹೊಗಳುವಾಗ "ತೂಕದ ಮನುಷ್ಯ" ಅನ್ನುತ್ತಾರಂತೆ. ಇಲ್ಲಿ ಹಾಗಂದರೆ ಕೊರಳಪಟ್ಟಿಗೆ ಕೈ ಬರುತ್ತದೆ. "ಅವನದು ತೂಕದ ಮಾತು" ಅಂದರೆ ಅವನು ಸುಳ್ಳ ಎಂದರ್ಥ. "ಹಗುರವಾಗಿ ಮಾತಾಡಪ್ಪ" ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಹೆಣ್ಣು ನೋಡಲು ಹೋದವರು "ಹುಡುಗಿ ಬಹಳ ಹಗುರ" ಎಂದು ಮೆಚ್ಚಿಕೊಂಡರೆ ಹೆತ್ತವರ ಕಣ್ಣಲ್ಲಿ ನೀರಾಡುತ್ತದೆ.

ಊರು ಹೊಳೆಯ ಈ ದಡದಲ್ಲಿದೆ, ಡಾಂಬರು ರಸ್ತೆ ಆ ದಡದಲ್ಲಿ. ನಡುವೆ ಮರದ ಹಲಗೆ, ಉಕ್ಕಿನ ತಂತಿಯ ತೂಗುಸೇತುವೆ. ತಂತಿಗಳ ತುದಿಯನ್ನು ಎರಡೂ ದಡದಲ್ಲಿ ಗುಂಡಿ ತೋಡಿ ಕಲ್ಲು ಹೇರಿ ಹಿಡಿಸಿದ್ದಾರೆ. ಬಸ್ಸಿನಲ್ಲಿ ಬಂದ ಸಾಮಾನೆಲ್ಲ ಈ ಸೇತುವೆಯ ಮೇಲೆಯೇ ಊರಿಗೆ ಬರಬೇಕು. ಅದಕ್ಕೇ ಆ ದಡದಲ್ಲಿ, ಸೇತುವೆ ಶುರುವಾಗುವಲ್ಲಿ, ಒಂದು ಜಗಲಿ ಕಟ್ಟಿದ್ದೇವೆ. ಯಾವ ಸಾಮಾನು ತಂದರೂ ಅಲ್ಲಿ ಕೂತು, ಮೇಲಿನ ಚೀಟಿ, ರಟ್ಟು, ಬಣ್ಣದ ಕಾಗದ ಎಲ್ಲ ಸುಲಿದು, ಬರೀ ಸಾಮಾನು ಹಿಡಿದುಕೊಂಡು ದಾಟಬೇಕು. ಸುಲಿಯುವ ಜಾಗವಾದ್ದರಿಂದ ಅದು ಸುಲಿಗೆ ಕಟ್ಟೆ. ಹಾಗೆಂದು ಬೋರ್ಡೂ ಇದೆ. ಹೊಸದಾಗಿ ಬರುವ ನೆಂಟರು ಆ ಬೋರ್ಡು ನೋಡಿ ಬಸ್ಸಿನಿಂದ ಇಳಿಯುವುದೇ ಇಲ್ಲ, ಅದೂ ಒಂದು ಅನುಕೂಲ.

ಸುಲಿದು ತಂದ ಸಾಮಾನಿನ ಕಷ್ಟ ಬೇರೆ. ಯಾವ ಟ್ಯೂಬಿನಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ನನ್ನ ಅತ್ತೆ ಹಿಮ್ಮಡಿ ಬಿರುಕಿನ ಮುಲಾಮಿನಲ್ಲಿ ಬಹಳ ದಿನ ಹಲ್ಲು ಉಜ್ಜಿದರು. "ಹಲ್ಲು ಬೆಳ್ಳಗಾಗ್ಲಿಲ್ಲ, ಆದ್ರೆ ಒಂದೂ ಬಿರುಕು ಬಿಟ್ಟಿಲ್ಲ ನೋಡು" ಎಂದು ಈಗಲೂ ವಾದಿಸುತ್ತಾರೆ. ಸುಲಿದ ಸಿಪ್ಪೆಯನ್ನು ಯಾರೂ ಎಸೆಯುವುದಿಲ್ಲ, ಬೇಕಾದವರು ಆಮೇಲೆ ಒಂದೊಂದೇ ಹೊತ್ತು ತರುತ್ತಾರೆ. ಮುಖ ಬೆಳ್ಳಗೆ ಮಾಡುವ ಕ್ರೀಮಿನ ರಟ್ಟು ಉಪ್ಪಿನಕಾಯಿ ಜಾಡಿಯ ಮೇಲೆ ಹೇರಲು ಚೆನ್ನಾಗಿರುತ್ತದೆ. ಹದಿನೈದೇ ದಿನದಲ್ಲಿ ಇಂಗ್ಲಿಷ್ ಕಲಿಸುವ ಕರಪತ್ರ ಒಂದಿದ್ದರೆ ಎಂಥ ಗಾಳಿಗೂ ಮನೆಯ ತಗಡು ಹಾರುವುದಿಲ್ಲ. ಮೊಬೈಲು ನೋಡುವವರು ಅದನ್ನು ಮಣೆಯ ಮೇಲಿಟ್ಟುಕೊಂಡು, ಬಗ್ಗಿ ನೋಡುತ್ತಾರೆ. ಸುದ್ದಿಯ ನಡುವೆ ಜಾಹೀರಾತು ಬಂದರೆ ಕೈಬೆರಳು ಅಡಿಯಲ್ಲಿ ಸಿಕ್ಕಿಕೊಳ್ಳಬಾರದಲ್ಲ.

ಪೇಪರನ್ನು ಮಾತ್ರ ಸುಲಿಯಲಾಗುವುದಿಲ್ಲ. ನಾನು ಕಟ್ಟೆಯ ಮೇಲೆ ಕೂತು ಕತ್ತರಿಯಿಂದ ಭಾರದ ಸುದ್ದಿಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಊರಿಗೆ ಹಂಚುತ್ತೇನೆ. ಕೆಲವು ದಿನ ಪೇಪರಿಗಿಂತ ಕಿಂಡಿಯೇ ಹೆಚ್ಚು. ಇದರಿಂದ ತುಂಬ ನೊಂದವರು ಪುರಸಭೆಯ ಅಧ್ಯಕ್ಷ ಅಡವೀಶಪ್ಪನವರು. ಅವರ ಫೋಟೊ ಇದ್ದ ಕಡೆಯಲ್ಲೆಲ್ಲ ಪಕ್ಕದಲ್ಲಿ ಒಂದು ಭರವಸೆಯೂ ಇರುತ್ತಿತ್ತು, ಆದ್ದರಿಂದ ಊರಿನವರು ಅವರ ಮುಖವನ್ನು ಪೇಪರಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆ ಆಕಾರದ ತೂತಿನೊಳಗೆ ಹಿಂದಿನ ಪುಟದ ಹಸುವೋ ಟ್ರ್ಯಾಕ್ಟರೋ ಇಣುಕುತ್ತಿತ್ತು.

"ದಾಕ್ಷಮ್ಮ, ಒಂದೇ ಒಂದ್ಸಲ ನನ್ನ ಫೋಟೊ ಇಡಿಯಾಗಿ ಬರ್ಲಿ ಕಣಮ್ಮ," ಎಂದು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. "ನಮ್ಮ ಮನೆಯವಳು ಮೊನ್ನೆ ಎಮ್ಮೆ ಮುಖ ತೋರ್ಸಿ, ಇವತ್ತು ಚೆನ್ನಾಗಿ ಬಂದಿದೀರ ಅಂದ್ಲು."

"ಫೋಟೊ ಬಿಡ್ತೀನಿ ಸಾರ್, ಕೆಳಗಿನ ಬರಹ ಹಗುರ ಮಾಡ್ಸಿ," ಅನ್ನುತ್ತಿದ್ದೆ ನಾನು.

"ಅದು ನನ್ನ ಕೈಲಿಲ್ಲ," ಅನ್ನುತ್ತಿದ್ದರು. ಆ ಮಟ್ಟಿಗೆ ಅವರು ಹಗುರವಾದ ಮನುಷ್ಯರೇ.

ಶಾಲೆ ಆ ದಡದಲ್ಲಿದೆ. ಊರಿನ ಮಕ್ಕಳೆಲ್ಲ ಬೆಳಿಗ್ಗೆ ಸೇತುವೆ ದಾಟಿ ಹೋಗಿ ಸಂಜೆ ದಾಟಿ ಬರುತ್ತವೆ. ಹಲಗೆ ಕಿರುಗುಟ್ಟಿದರೆ ನಿಲ್ಲು, ತಂತಿ ಹಾಡಿದರೆ ಹಿಂದಕ್ಕೆ ಬಾ, ನಾಲ್ಕು ಜನಕ್ಕಿಂತ ಹೆಚ್ಚು ಒಟ್ಟಿಗೆ ಹೋಗಬೇಡ: ನಡೆಯಲು ಕಲಿತ ಮಗುವಿಗೂ ಗೊತ್ತಿದ್ದ ಪಾಠ ಇದು. ಮೇದಿನಿ ಮೂರನೇ ತರಗತಿ. ಅವಳಿಗೆ ಸೇತುವೆಯ ಭಯವಿಲ್ಲ, ಮಗ್ಗಿಯ ಭಯವಿದೆ. "ಹೋಂವರ್ಕ್ ಮುಗೀತಾ?" ಅಂದರೆ ನನ್ನ ಮುಖ ನೋಡದೆ "ಹೂಂ" ಅನ್ನುತ್ತಾಳೆ. ದಿನವೆಲ್ಲ ದುಡಿದು ಬಂದವಳಿಗೆ ಆ "ಹೂಂ" ನಂಬಿಬಿಡುವುದು ಸುಲಭ, ನಂಬಿಯೂ ಬಿಡುತ್ತಿದ್ದೆ, ಮೇಡಂ ಕರೆಸಿ ಹೇಳುವ ತನಕ. ಆಮೇಲೆ ಪ್ರಶ್ನೆ ಬದಲಾಯಿಸಿದೆ. "ಏನೇನು ಬಾಕಿ ಇದೆ?" ಎಂದು ಕೇಳಿದರೆ ಪಾಪ, ಅದಕ್ಕೆ "ಹೂಂ" ಅನ್ನಲಾಗುವುದಿಲ್ಲ. ಕನ್ನಡ ಕಾಪಿ, ಮೂರರ ಮಗ್ಗಿ, ಎಲೆ ಅಂಟಿಸುವುದು ಎಂದು ಒಂದೊಂದಾಗಿ ಹೊರಬರುತ್ತದೆ.

ಹೀಗಿರುವಾಗ ಪಟ್ಟಣದ ಒಂದು ಕಂಪನಿಯಿಂದ ನಿಶ್ಚಲ್ ಎಂಬ ಹುಡುಗ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಊರಿನ ಸೇತುವೆಗೆ ಅವನೊಂದು ಪೆಟ್ಟಿಗೆ ತಂದಿದ್ದ, ಹೆಸರು ಸೇತುಮಿತ್ರ. ಸೇತುವೆಯ ನಡುವೆ ಕಂಬಿಗೆ ಬಿಗಿದರೆ ಸಾಕು, ಅದೇ ನೋಡುತ್ತದೆ, ಅದೇ ಕಲಿಯುತ್ತದೆ, ಸೇತುವೆ ಮುರಿಯುವುದಿದ್ದರೆ ತಿಂಗಳುಗಟ್ಟಲೆ ಮುಂಚೆಯೇ ತಿಳಿಸುತ್ತದೆ, ದಾಟುವವರ ಪ್ರಶ್ನೆಗೆ ಉತ್ತರ ಕೊಡುತ್ತದೆ. ರಟ್ಟಿನ ಮೇಲೆ ಬರೆದಿದ್ದ ಇಷ್ಟನ್ನೂ ಕಟ್ಟೆಯಲ್ಲಿ ಸುಲಿಯಲು ಸುಲಿಗೆಯವರಿಗೆ ಸನಿಕೆ ಬೇಕಾಯಿತು. ಸುಲಿದ ಮೇಲೆ ಪೆಟ್ಟಿಗೆ ಊಟದ ಡಬ್ಬಿಯಷ್ಟು ಹಗುರವಿತ್ತು. ಅಧ್ಯಕ್ಷರು ಅದನ್ನು ಒಂದು ಬೆರಳಿನಲ್ಲಿ ಎತ್ತಿ ತೋರಿಸಿದರು. ಜನ ತಲೆದೂಗಿದರು.

ನಾನು ತಲೆದೂಗಲಿಲ್ಲ. ಬಾಯಿ ಬಿಡದ ಪೆಟ್ಟಿಗೆ ಹಗುರವೇ ಇರುತ್ತದೆ, ಬಾಯಿ ಬಿಟ್ಟ ಮೇಲೆ ತಾನೆ ಗೊತ್ತಾಗುವುದು. ಪುರಸಭೆಯ ಸಭೆಯಲ್ಲಿ ಎದ್ದು ನಿಂತು ಅದನ್ನೇ ಹೇಳಿದೆ. "ಹಲಗೆ ಕಿರುಗುಟ್ಟಿದ್ರೆ ನಿಲ್ಬೇಕು ಅಂತ ನಮ್ಮ ಮಕ್ಕಳಿಗೆ ಗೊತ್ತಿದೆ. ಇನ್ನು ಈ ಪೆಟ್ಟಿಗೆ ಯಾಕೆ?"

ನಿಶ್ಚಲನಿಗೆ ಇಂಥ ಪ್ರಶ್ನೆ ಹೊಸದಲ್ಲ. ಎದೆಯ ಮೇಲೆ ಕೈಯಿಟ್ಟು, ಬೇರೆ ಊರುಗಳಲ್ಲಿ ಸಲೀಸಾಗಿ ನಡೆದಿರಬಹುದಾದ ಮಾತೊಂದನ್ನು ಆಡಿದ. "ಮೇಡಂ, ನಾವು ಹಗುರವಾಗಿ ಮಾತಾಡೋ ಕಂಪನಿ ಅಲ್ಲ. ನಮ್ಮದು ತೂಕದ ಮಾತು. ಸೇತುವೆ ಬಗ್ಗೆ ಈ ಪೆಟ್ಟಿಗೆ ಆಡೋ ಒಂದೊಂದು ಮಾತಿಗೂ ತೂಕ ಇರುತ್ತೆ, ಅದಕ್ಕೆ ನಾನು ಗ್ಯಾರಂಟಿ."

ಇಷ್ಟು ಜನರ ಮುಂದೆ, ಕಣ್ಣು ಪಿಳುಕಿಸದೆ, ನಾವು ಸುಳ್ಳು ಹೇಳುತ್ತೇವೆ ಎಂದು ಒಪ್ಪಿಕೊಂಡ ಮಾರಾಟಗಾರನನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

"ಎಂಥ ಸಾಚಾ ಹುಡ್ಗ ನೋಡೆ," ಎಂದು ಅತ್ತೆ ನನ್ನ ಪಕ್ಕೆಗೆ ತಿವಿದರು. "ಹೊಟ್ಟೆಪಾಡಿಗೆ ಬಂದಿದಾನೆ. ಆದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳ್ಬುಟ್ಟ."

"ಅತ್ತೆ, ಸುಳ್ಳು ಹೇಳ್ತೀನಿ ಅಂತ ಹೇಳಿದ ಪೆಟ್ಟಿಗೇನ ಯಾಕೆ ತಗೋಬೇಕು?"

"ಪೆಟ್ಟಿಗೆ ಯಾವನಿಗೆ ಬೇಕು, ಹುಡ್ಗನ್ನ ನೋಡಿ ತಗೊಳೋದು. ನಿನ್ನ ಮದ್ವೆಲೂ ಹಂಗೇ ಆಗಿದ್ದು."

ಅವರು ಎರಡೂ ಕೈ ಎತ್ತಿದರು. ಸಭೆಯೂ ಎತ್ತಿತು. ನಿಶ್ಚಲ ಎಲ್ಲರಿಗೂ ಕೈಮುಗಿದ, ಏನಾಯಿತೆಂದು ಅವನಿಗೂ ಪೂರ್ತಿ ತಿಳಿದಂತಿರಲಿಲ್ಲ.

ಪೆಟ್ಟಿಗೆ ಸೇತುವೆಯ ನಡುವೆ ಕೂತಿತು. ಯಾರಾದರೂ ಹತ್ತಿರ ಬಂದರೆ ಅದರ ಹಸಿರು ದೀಪ ಹತ್ತಿ, "ನಮಸ್ಕಾರ. ಸೇತುವೆ ಸಂಪೂರ್ಣ ಸುರಕ್ಷಿತ. ನಗುನಗುತ್ತಾ ದಾಟಿ," ಎಂದು ಹೆಣ್ಣು ದನಿಯಲ್ಲಿ ನುಡಿಯುತ್ತಿತ್ತು. ಹೊಸದರಲ್ಲಿ ಜನ ಆ ನಮಸ್ಕಾರ ಕೇಳಲೆಂದೇ ಹೋಗಿ ಬರುತ್ತಿದ್ದರು. ಅತ್ತೆ ಒಂದು ದಿನ ಅದರ ಮುಂದೆ ನಿಂತು, "ನನ್ನ ಮಂಡಿ ನೋವು ಯಾವಾಗ ಹೋಗ್ತದೆ ತಾಯಿ?" ಎಂದು ಕೇಳಿದರು. "ಒಳ್ಳೆಯ ಪ್ರಶ್ನೆ. ದಿನಕ್ಕೆ ಎಂಟು ಲೋಟ ನೀರು ಕುಡಿದರೆ ನಿಮ್ಮ ನೋವು ಮಾಯವಾಗುತ್ತದೆ," ಎಂದಿತು ಪೆಟ್ಟಿಗೆ. ಅತ್ತೆಯ ಕಾಲಡಿಯ ಹಲಗೆ ಒಂದು ಗೇಣು ಕೆಳಗಿಳಿಯಿತು. ಅವರು ಕಂಬಿ ಹಿಡಿದುಕೊಂಡು ಮನೆಗೆ ಬಂದವರು, "ಹುಡ್ಗ ಹೇಳಿದ್ದು ನಿಜ ಕಣೆ. ಏನು ತೂಕ, ಏನು ತೂಕ," ಎಂದು ಅವನನ್ನೇ ಹೊಗಳಿದರು.

ತೊಂದರೆ ಅಲ್ಲಿಂದ ಶುರುವಾಯಿತು. ಸೇತುವೆ ಸಂಪೂರ್ಣ ಸುರಕ್ಷಿತ ಎಂಬ ಮಾತು ಮೊದಲ ದಿನ ಅಂಥ ದೊಡ್ಡ ಸುಳ್ಳೇನೂ ಆಗಿರಲಿಲ್ಲ. ಹಳೇ ಸೇತುವೆ, ಸುಮಾರಾಗಿತ್ತು. ಆ ಒಂದಿಷ್ಟು ಸುಳ್ಳಿಗೆ ಪೆಟ್ಟಿಗೆ ಒಂದಿಷ್ಟು ಭಾರವಾಯಿತು. ಭಾರಕ್ಕೆ ಸೇತುವೆ ಒಂದಿಷ್ಟು ಜಗ್ಗಿತು. ಜಗ್ಗಿದ ಸೇತುವೆಯ ಮೇಲೆ ಕೂತು ಅದೇ ಮಾತನ್ನು ಮತ್ತೆ ಹೇಳಿದಾಗ ಸುಳ್ಳು ಇನ್ನಷ್ಟು ದೊಡ್ಡದಾಯಿತು, ಪೆಟ್ಟಿಗೆ ಇನ್ನಷ್ಟು ಭಾರವಾಯಿತು. ಇದರ ಮೇಲೆ ಕಂಪನಿಯವರು ದೂರದಿಂದಲೇ ಅದನ್ನು ಸುಧಾರಿಸುತ್ತಿದ್ದರಂತೆ. ಒಂದು ಬೆಳಿಗ್ಗೆ "ಸಂಪೂರ್ಣ ಸುರಕ್ಷಿತ" ಹೋಗಿ "ದೇಶದಲ್ಲೇ ಅತ್ಯಂತ ಸುರಕ್ಷಿತ" ಆಗಿತ್ತು. ಅಂದು ನಾನು ಸೈಕಲ್ಲು ಹಿಡಿದು ಸೇತುವೆಯ ನಡುವಿನ ತನಕ ಇಳಿಜಾರಿನಲ್ಲಿ ಓಡಿ, ಅಲ್ಲಿಂದ ಆಚೆಗೆ ಗುಡ್ಡ ಹತ್ತಿದ ಹಾಗೆ ಹತ್ತಿದೆ.

ಅಧ್ಯಕ್ಷರ ಹತ್ತಿರ ಹೋದೆ. "ಸೇತುವೆ ಜಗ್ಗಿದೆ ಸಾರ್. ಪೆಟ್ಟಿಗೆ ತೆಗೆಸಿ."

"ಜಗ್ಗಿಲ್ಲಮ್ಮ, ವಿನಯದಿಂದ ಬಾಗಿದೆ," ಅಂದರು. ನಾನು ನಗದೇ ಇದ್ದಾಗ ದನಿ ತಗ್ಗಿಸಿದರು. "ಬಿಚ್ಚೋಕೆ ನೋಡ್ದೆ ದಾಕ್ಷಮ್ಮ. ನಾಲ್ಕು ಜನ ಹೋಗಿದ್ರು, ಅಲ್ಲಾಡ್ಲಿಲ್ಲ. ಕಂಪನಿಗೆ ಫೋನ್ ಮಾಡಿದ್ರೆ, ಪೆಟ್ಟಿಗೇನೇ ಕೇಳಿ ಅಂತಾರೆ. ಪೆಟ್ಟಿಗೇನ ಕೇಳಿದ್ರೆ, ಸುರಕ್ಷಿತ ಅಂತದೆ."

"ಹಾಗಾದ್ರೆ ಶಾಲೆಗೆ ರಜಾ ಕೊಡ್ಸಿ."

"ಕೊಡ್ಸೋಣ, ಕೊಡ್ಸೋಣ. ನಾಳೆ ಅವ್ರು ಸಿನಿಮಾ ತೆಗಿಯೋಕೆ ಬರ್ತಾರಂತೆ, ಅದೊಂದು ಆಗ್ಲಿ. ಇಡೀ ಪುಟದ ಫೋಟೊ ಹಾಕಿಸ್ತಾರಂತೆ, ನಂದೂ ಇರ್ತದೆ."

ನಾಳೆ ಮೇದಿನಿಯನ್ನು ಶಾಲೆಗೆ ಕಳಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಬೆಳಿಗ್ಗೆ ನಾನು ಕಟ್ಟೆಯಿಂದ ಪೇಪರು ತಂದು ಊರ ಆ ತುದಿಯಲ್ಲಿ ಹಂಚುತ್ತಿದ್ದಾಗ, ಸಿನಿಮಾ ತೆಗೆಯುತ್ತಾರೆ ಎಂಬ ಸುದ್ದಿ ಕೇಳಿ ಅವಳು ಹಬ್ಬದ ಲಂಗ ಹಾಕಿಕೊಂಡು, ಅಜ್ಜಿಯ ಕೈಯಲ್ಲಿ ಎರಡು ಜಡೆ ಹೆಣೆಸಿಕೊಂಡು, ಹೊರಟುಹೋಗಿದ್ದಳು.

"ಯಾಕತ್ತೆ ಬಿಟ್ರಿ? ಹೇಳಿದ್ನಲ್ಲ."

"ಅಮ್ಮನ್ನ ಕೇಳಿದ್ಯಾ ಅಂದೆ, ಹೂಂ ಅಂತು," ಎಂದರು ಅತ್ತೆ.

ನಾನು ದಡಕ್ಕೆ ಓಡುವಷ್ಟರಲ್ಲಿ ಮಕ್ಕಳು ಆಚೆ ಸೇರಿಯಾಗಿತ್ತು. ಕ್ಯಾಮೆರಾದವರಿಗೆ ಸಂಜೆಯ ಬಿಸಿಲು ಬೇಕಿತ್ತಂತೆ. ಹಗಲೆಲ್ಲ ಹೊಲಿಗೆ ಮಷೀನಿನ ಮುಂದೆ ಕೂತರೂ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಶಾಲೆ ಬಿಡುವ ಮುಂಚೆಯೇ ಅತ್ತೆಯನ್ನು ಕರೆದುಕೊಂಡು ಸೇತುವೆಯ ಹತ್ತಿರ ಬಂದು ನಿಂತೆ. ಅಧ್ಯಕ್ಷರು ಜರಿಶಾಲು ಹೊದ್ದು, ತಲೆಗೆ ಎಣ್ಣೆ ಹಚ್ಚಿ, ನಮ್ಮ ದಡದಲ್ಲೇ ನಿಂತಿದ್ದರು. ಮಕ್ಕಳು ದಾಟಿ ಬರುವಾಗ ಅವರು ಕೈಬೀಸಿ ಬರಮಾಡಿಕೊಳ್ಳಬೇಕು ಎಂದು ಏರ್ಪಾಡಾಗಿತ್ತು. ಸೇತುವೆಯ ನಡುಭಾಗ ನೀರಿಗೆ ಒಂದು ಮೊಳ ಉಳಿಯುವಷ್ಟು ಇಳಿದಿತ್ತು.

ಆಚೆ ದಡದಲ್ಲಿ ನಿಶ್ಚಲ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ನಾಲ್ಕಲ್ಲ, ಇಡೀ ಶಾಲೆ. ಎಲ್ಲರೂ ಒಟ್ಟಿಗೆ, ನಗುತ್ತಾ, ಕೈಬೀಸುತ್ತಾ ಬರಬೇಕು. ಸಾಲಿನ ಮುಂದೆ ಕೆಂಪು ಲಂಗ ಕಾಣಿಸಿತು. ನಾನು ಕೂಗಿದೆ. ಹೊಳೆಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಮೇದಿನಿ ಅಮ್ಮ ಕೈಬೀಸುತ್ತಿದ್ದಾಳೆಂದು ತಿಳಿದು ತಾನೂ ಬೀಸಿದಳು, ಸೇತುವೆಗೆ ಕಾಲಿಟ್ಟಳು.

ನಾನು ಈ ಕಡೆಯಿಂದ ಇಳಿದೆ. ಓಡಲಾಗುವುದಿಲ್ಲ, ಹಲಗೆಗಳು ಅಷ್ಟು ಓರೆಯಾಗಿದ್ದವು. ಕೂತು ಜಾರಿದೆ ಅನ್ನಬೇಕು. ನಾನು ನಡುವಿಗೆ ಬಂದು ತಲುಪುವುದಕ್ಕೂ ಮೇದಿನಿ ಮತ್ತು ಅವಳ ಹಿಂದಿನ ಐದಾರು ಮಕ್ಕಳು ಅತ್ತಲಿಂದ ಜಾರಿ ಬಂದು ನನ್ನ ಮಡಿಲಿಗೆ ಬೀಳುವುದಕ್ಕೂ ಸರಿಹೋಯಿತು. ಉಳಿದ ಮಕ್ಕಳು ತಂತಿ ಹಾಡಿದ್ದು ಕೇಳಿ ತಾವಾಗಿಯೇ ಹಿಂದಕ್ಕೆ ಸರಿದಿದ್ದವು. ಕ್ಯಾಮೆರಾಗಿಂತ ಹಳೆಯ ಪಾಠ ಗಟ್ಟಿ. ಆದರೆ ನಾವು ಬಾಣಲೆಯ ತಳದಲ್ಲಿ ಬಿದ್ದಂತೆ ಬಿದ್ದಿದ್ದೆವು. ಎರಡೂ ಕಡೆ ಒದ್ದೆ ಹಲಗೆಯ ಏರು, ಹತ್ತಲು ಕಾಲು ನಿಲ್ಲದು. ಪಕ್ಕದಲ್ಲಿ ಪೆಟ್ಟಿಗೆ.

"ನಮಸ್ಕಾರ. ದೇಶದಲ್ಲೇ ಅತ್ಯಂತ ಸುರಕ್ಷಿತ ಸೇತುವೆಗೆ ಸ್ವಾಗತ. ನಗುನಗುತ್ತಾ ದಾಟಿ."

ಹಲಗೆ ಕೆಳಗಿಳಿದು ನೀರು ಪಾದ ಮುಟ್ಟಿತು. ಪೆಟ್ಟಿಗೆ ಪ್ರತಿಯೊಬ್ಬರಿಗೂ ಬೇರೆಬೇರೆ ನಮಸ್ಕಾರ ಹೇಳುವ ಸಂಸ್ಕಾರವಂತ ಪೆಟ್ಟಿಗೆ. ಎರಡನೆಯ ಮಗುವಿಗೆ ಹೇಳಿದಾಗ ನೀರು ಕಾಲಿನ ಹರಡು ಮುಟ್ಟಿತು. ಎಲ್ಲೋ ಒಂದು ಎಳೆ ಟಣ್ಣೆಂದು ಕಡಿಯಿತು. ಆಚೆ ದಡದಲ್ಲಿ ಗುಂಡಿಯ ಕಲ್ಲುಗಳು ಕದಲಿ ಉರುಳುವುದು ಕಾಣುತ್ತಿತ್ತು.

"ಬಾಯ್ಮುಚ್ಚು," ಎಂದು ಪೆಟ್ಟಿಗೆಗೆ ಒಂದು ಗುದ್ದಿದೆ. ಕೈ ನೋಯಿತು.

"ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಸೇತುವೆ ಸುರಕ್ಷಿತವಾಗಿದೆ."

"ಸುರಕ್ಷಿತ ಇಲ್ಲ. ನೀರು ಬಂದಿದೆ. ಕಾಣಲ್ವಾ? ಸುರಕ್ಷಿತನಾ ಇದು?"

"ಹೌದು. ಸಂಪೂರ್ಣ ಸುರಕ್ಷಿತ."

ನೀರು ಮೀನಖಂಡಕ್ಕೆ ಬಂತು. ಒಂದು ಮಗು ಅಳತೊಡಗಿತು. ಮೇದಿನಿ ಅಳಲಿಲ್ಲ. ನನ್ನ ಸೊಂಟ ತಬ್ಬಿಕೊಂಡು ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ತನ್ನ ಜಾತಿಯವರನ್ನು ಗುರುತು ಹಿಡಿದವಳ ಹಾಗೆ.

"ಅಮ್ಮ, ನೀನು ಮುಗೀತಾ ಅಂತ ಕೇಳ್ತಿದೀಯ," ಅಂದಳು. "ಅದಕ್ಕೇ ಹೂಂ ಅಂತಿದೆ."

ಆ ನೀರಿನ ನಡುವೆ ನಿಂತು ನಾನು ನನ್ನ ಮಗಳ ಮುಖ ನೋಡಿದೆ. ಆಮೇಲೆ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಸಂಜೆ ಚಾಪೆಯ ಮೇಲೆ ಅವಳ ಎದುರು ಕೂತಾಗಿನ ದನಿಯನ್ನೇ ತಂದುಕೊಂಡೆ. ಬೈಗುಳವಿಲ್ಲದ, ಅವಸರವಿಲ್ಲದ, ತಪ್ಪಿಸಿಕೊಳ್ಳಲು ಸಂದು ಬಿಡದ ದನಿ.

"ನೋಡು ಪುಟ್ಟಿ. ಈ ಸೇತುವೆ ವಿಷಯದಲ್ಲಿ ನಿಂಗೆ ಏನೇನು ಗೊತ್ತಿಲ್ಲ? ಒಂದೊಂದಾಗಿ ಹೇಳು."

ಹಸಿರು ದೀಪ ಆರಿತು. ಹತ್ತಿತು. ಬಣ್ಣ ತಿರುಗಿತು. "ಒಳ್ಳೆಯ ಪ್ರಶ್ನೆ," ಎಂದಿತು ಪೆಟ್ಟಿಗೆ. ಅದು ಸುಳ್ಳಲ್ಲದ ಕಾರಣವೋ ಏನೋ, ನಾವು ಇಳಿಯಲಿಲ್ಲ.

"ಈ ತಂತಿಯ ವಯಸ್ಸು ನನಗೆ ತಿಳಿದಿಲ್ಲ."

ಹಲಗೆ ಮಿಸುಕಿತು.

"ಹೂಂ, ಆಮೇಲೆ?"

"ಹಲಗೆ ಯಾವ ಮರದ್ದೆಂದು ತಿಳಿದಿಲ್ಲ. ಹಲಗೆ ಎಂದರೇನೆಂದು ಖಚಿತವಾಗಿ ತಿಳಿದಿಲ್ಲ. ಹೊಳೆಯ ಆಳ ತಿಳಿದಿಲ್ಲ. ಕೆಳಗಿರುವುದು ಹೊಳೆಯೆಂದು ಈಗಷ್ಟೇ ಊಹಿಸುತ್ತಿದ್ದೇನೆ."

ನೀರು ಪಾದಕ್ಕೆ ಇಳಿಯಿತು, ಪಾದ ಬಿಟ್ಟಿತು. ಆಚೆ ದಡದಿಂದ ನಿಶ್ಚಲ ಎರಡೂ ಕೈ ಬಾಯಿಗಿಟ್ಟು ಕೂಗುತ್ತಿದ್ದ: "ಮೇಡಂ, ಅದಕ್ಕೆ ಆ ಥರ ಪ್ರಶ್ನೆ ಕೇಳ್ಬೇಡಿ, ವಾರಂಟಿ ಹೋಗುತ್ತೆ."

"ಇನ್ನೂ ಏನು ಬಾಕಿ ಇದೆ, ಹೇಳು," ಅಂದಳು ಮೇದಿನಿ. ನನ್ನದೇ ದನಿ, ನನ್ನದೇ ಹುಬ್ಬು.

"ಮುರಿದ ಸೇತುವೆಯನ್ನು ನಾನು ಎಂದೂ ನೋಡಿಲ್ಲ. ಮುರಿಯದ ಸೇತುವೆಯನ್ನೂ ಇದೊಂದನ್ನೇ ನೋಡಿರುವುದು. ಇದು ಅಲ್ಲಾಡಿದರೆ ಅದರ ಅರ್ಥವೇನೆಂದು ತಿಳಿದಿಲ್ಲ. ಒಬ್ಬ ಅಜ್ಜಿಗೆ ಮಂಡಿ ನೋವಿನ ಬಗ್ಗೆ ಹೇಳಿದ್ದೆ. ಮಂಡಿ ಎಲ್ಲಿರುತ್ತದೆಂದು ತಿಳಿದಿಲ್ಲ."

ಸೇತುವೆ ದೀರ್ಘವಾಗಿ ಉಸಿರೆಳೆದುಕೊಂಡಂತೆ ಮೇಲೆದ್ದಿತು. ಏರು ತಗ್ಗಿತು. ನಾನು ಮಕ್ಕಳನ್ನು ಒಬ್ಬೊಬ್ಬರಾಗಿ ಮುಂದಕ್ಕೆ ಬಿಟ್ಟೆ, ಅವು ಕಂಬಿ ಹಿಡಿದು ನಮ್ಮ ದಡಕ್ಕೆ ನಡೆದವು. ಅಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದ ಒಂದೊಂದು ಮಗುವನ್ನೂ ತಬ್ಬಿ, ಬೆನ್ನ ಮೇಲೊಂದು ಏಟು ಕೊಟ್ಟು ದಡ ಹತ್ತಿಸುತ್ತಿದ್ದರು. ಮೇದಿನಿ ಕೊನೆಯವಳು. ಪೆಟ್ಟಿಗೆ ಇನ್ನೂ ಹೇಳುತ್ತಲೇ ಇತ್ತು. ನಾನು ಅದನ್ನು ಕಂಬಿಯಿಂದ ತಿರುಗಿಸಿದೆ. ಹಾಗಲಕಾಯಿಯ ಹಾಗೆ ಬಳ್ಳಿಯಿಂದ ಕಳಚಿ ಬಂತು. ಕಂಕುಳಲ್ಲಿಟ್ಟುಕೊಂಡು ನಡೆದೆ.

"ಈಗ ನನ್ನನ್ನು ಯಾರು ಎತ್ತಿಕೊಂಡಿದ್ದಾರೆಂದು ತಿಳಿದಿಲ್ಲ," ಎಂದಿತು.

"ದಾಕ್ಷಾಯಿಣಿ," ಅಂದೆ. "ಪೇಪರಿನವಳು."

ದಡಕ್ಕೆ ಬಂದ ಮೇಲೆ ಮೇದಿನಿಯ ಬಿಚ್ಚಿಹೋದ ಜಡೆ ಕಟ್ಟಲು ಹೋದೆ. ಅವಳೇ ರಿಬ್ಬನ್ನು ಇಸಿದುಕೊಂಡು ಕಟ್ಟಿಕೊಂಡಳು. "ಅಜ್ಜಿಗೆ ಹೂಂ ಅಂದಿದ್ದು ಸುಳ್ಳು," ಅಂದಳು. ನಾನು ಕೇಳಿರಲೇ ಇಲ್ಲ.

ಪೆಟ್ಟಿಗೆಯ ಮಾತು ನಿಲ್ಲಿಸುವುದು ಹೇಗೆಂದು ನಿಶ್ಚಲನಿಗೂ ತಿಳಿಯಲಿಲ್ಲ. ಅವನು ದೋಣಿಯಲ್ಲಿ ನಮ್ಮ ದಡಕ್ಕೆ ಬಂದು, ಮುಖ ಬಿಳುಚಿಕೊಂಡು ನಿಂತಿದ್ದ. ಅತ್ತೆ ಅವನಿಗೆ ನೀರು ಕೊಟ್ಟರು. "ನೀನು ಮುಂಚೇನೇ ಹೇಳಿದ್ಯಲ್ಲಪ್ಪ ತೂಕದ ಮಾತು ಅಂತ. ನಾವೇ ತಲೆಗೆ ಹಾಕ್ಕೊಳ್ಳಿಲ್ಲ," ಎಂದರು. ಅವನು ಅದನ್ನು ಸಮಾಧಾನವೆಂದುಕೊಂಡು ಥ್ಯಾಂಕ್ಸ್ ಹೇಳಿದ. ಪೆಟ್ಟಿಗೆಯನ್ನು ಪುರಸಭೆಯ ಕಿಟಕಿಯಲ್ಲಿಟ್ಟೆವು. ನೀರು ಯಾವಾಗ ಬಿಡುತ್ತಾರೆ, ಬೀದಿದೀಪ ಯಾವಾಗ ಸರಿಹೋಗುತ್ತದೆ ಎಂದು ಕೇಳಲು ಬರುವವರಿಗೆ ಅದೇ "ತಿಳಿದಿಲ್ಲ" ಎಂದು ಮರ್ಯಾದೆಯಿಂದ ಉತ್ತರಿಸುವುದರಿಂದ ಸಿಬ್ಬಂದಿಗೆ ಬಹಳ ಅನುಕೂಲವಾಗಿದೆ. ಜನಕ್ಕೂ ಅದರ ಮೇಲೆ ನಂಬಿಕೆ ಬಂದಿದೆ.

ಸೇತುವೆ ಎದ್ದು ನಿಂತಿತ್ತು, ಆದರೆ ಆಚೆ ದಡದ ಗುಂಡಿಯಲ್ಲಿ ಕಲ್ಲು ಹೊಳೆಗೆ ಉರುಳಿ ಹೋಗಿ ತಂತಿ ಸಡಿಲವಾಗಿತ್ತು. ಕಲ್ಲು ತರಿಸಬೇಕೆಂದರೆ ಮುಂದಿನ ವರ್ಷದ ಮಾತು ಎಂದರು ಅಧ್ಯಕ್ಷರು. ಅಲ್ಲಿಯ ತನಕ ಮಕ್ಕಳಿಗೆ ದೋಣಿ. ದೋಣಿಯವನಿಗೆ ಮಧ್ಯಾಹ್ನದ ನಿದ್ದೆ ಬಹಳ ಮುಖ್ಯವಾದ್ದರಿಂದ ಮೇದಿನಿ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ನಾನು ದಿನಾ ದಡದಲ್ಲಿ ನಿಲ್ಲುತ್ತಿದ್ದೆ.

ಆ ವಾರದ ಕೊನೆಗೆ ಪೇಪರಿನ ವ್ಯಾನು ಸುಲಿಗೆ ಕಟ್ಟೆಯ ಮುಂದೆ ಬಂದು, ಬ್ರೇಕು ಹಾಕುವ ಮುಂಚೆಯೇ ಅಚ್ಚು ಮುರಿದು ಕೂತುಬಿಟ್ಟಿತು. ಡ್ರೈವರು ಇಳಿದು ಹಿಂದಿನ ಬಾಗಿಲು ತೆಗೆದ. "ಏನಕ್ಕ ಇದು, ನಿಮ್ಮೂರ ಗಡಿ ದಾಟಿದ ಮೇಲೆ ಕಲ್ಲು ತುಂಬ್ದಂಗೆ ಆಯ್ತು," ಅಂದ. ಮೊದಲ ಪುಟ ಇಡಿಯಾಗಿ ಒಂದೇ ಜಾಹೀರಾತು. ಹೊಳೆ, ಸೇತುವೆ, ನಗುವ ಮಕ್ಕಳು. ಮೇಲೆ ದಪ್ಪಕ್ಷರದಲ್ಲಿ, ಸೇತುಮಿತ್ರ ಮಕ್ಕಳ ಪ್ರಾಣ ಉಳಿಸಿದ ರೋಮಾಂಚಕ ನಿಜಕಥೆ. ಅಪಾಯವನ್ನು ಮುಂಚಿತವಾಗಿಯೇ ಅರಿತ ಪೆಟ್ಟಿಗೆ ಎಲ್ಲರನ್ನೂ ಎಚ್ಚರಿಸಿತಂತೆ. ಒಂದು ಮೂಲೆಯಲ್ಲಿ ಜರಿಶಾಲು ಹೊದ್ದು ಕೈಬೀಸುತ್ತಿರುವ ಅಡವೀಶಪ್ಪನವರು, ಅವರ ಮುಂದಾಲೋಚನೆಗೆ ಒಂದು ಪ್ಯಾರಾ ಹೊಗಳಿಕೆ.

ಸುದ್ದಿ ತಿಳಿದು ಅಧ್ಯಕ್ಷರು ದೋಣಿಯಲ್ಲಿ ಧಾವಿಸಿ ಬಂದರು. ನಾನು ಕತ್ತರಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಕಟ್ಟಿನ ಮೇಲಿನ ಪ್ರತಿಯಲ್ಲಿ ತಮ್ಮ ಮುಖ ಕಂಡು ಅವರ ಕಣ್ಣು ಅರಳಿತು, ಕತ್ತರಿ ಕಂಡು ಬಾಡಿತು.

"ದಾಕ್ಷಮ್ಮ," ಎಂದರು. "ಒಂದೇ ಒಂದ್ಸಲ."

ನಾನು ಪೇಪರು ನೋಡಿದೆ. ಕಟ್ಟೆಯ ಪಕ್ಕದಲ್ಲೇ ಬಾಯಿ ತೆರೆದುಕೊಂಡಿದ್ದ ಗುಂಡಿಯನ್ನೂ, ಅದರಿಂದ ಸಡಿಲವಾಗಿ ಹೊಳೆಯ ಮೇಲೆ ತೂಗುತ್ತಿದ್ದ ತಂತಿಯನ್ನೂ ನೋಡಿದೆ. ಕತ್ತರಿಯನ್ನು ಚೀಲದೊಳಗಿಟ್ಟೆ.

"ಇವತ್ತು ಒಂದು ಚೂರೂ ಕತ್ತರಿಸಲ್ಲ ಸಾರ್," ಅಂದೆ. "ಎಲ್ಲಾ ಪ್ರತೀನೂ ಇಡಿಯಾಗೇ ಇಡ್ತೀನಿ. ಜನ ಕರೀರಿ, ಹಾರೆ ತರ್ಲಿ."

ಕಟ್ಟೆಯವರೆಲ್ಲ ಹಾರೆ ಹಾಕಿ ಮೀಟಿ, ಕಟ್ಟುಗಳನ್ನು ಒಂದೊಂದಾಗಿ ಗುಂಡಿಯ ಕಡೆಗೆ ಉರುಳಿಸಿದರು. ಅಧ್ಯಕ್ಷರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೇಡವೆನ್ನಲಿಲ್ಲ. ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿ, ಜರಿಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು.

"ಮುಖ ಮೇಲ್ಗಡೆ ಬರೋ ಹಾಗೆ ಹಾಕಮ್ಮ," ಎಂದರು.

ಹಾಗೆಯೇ ಹಾಕಿದೆವು. ಕೊನೆಯ ಕಟ್ಟು ಬಿದ್ದಾಗ ತಂತಿ ಬಿಗಿದು, ಹೊಳೆಯುದ್ದಕ್ಕೂ ಒಂದು ಸ್ವರ ಹಾಡಿ ಸುಮ್ಮನಾಯಿತು. ಅಂದು ಸಂಜೆ ಮಕ್ಕಳು ಸೇತುವೆಯ ಮೇಲೆಯೇ ಬಂದವು, ನಾಲ್ಕು ನಾಲ್ಕಾಗಿ. ಮೇದಿನಿ ನಡುವೆ ನಿಂತು, ಪೆಟ್ಟಿಗೆ ಇದ್ದ ಜಾಗದಲ್ಲಿ ಎರಡು ಸಲ ಕುಪ್ಪಳಿಸಿ ನೋಡಿದಳು. ಹಲಗೆ ಅಲ್ಲಾಡಲಿಲ್ಲ. ದಡಕ್ಕೆ ಬಂದವಳು ಬ್ಯಾಗನ್ನು ನನ್ನ ಹೆಗಲಿಗೆ ನೇತುಹಾಕಿ, ನಾನು ಬಾಯಿ ತೆರೆಯುವ ಮೊದಲೇ, "ನಾಲ್ಕರ ಮಗ್ಗಿ ಒಂದು ಬಾಕಿ," ಅಂದಳು.